‘ಗಿವ್ ಅಪ್’ : ಬಿಡುವುದರಲ್ಲಿ ಎಷ್ಟು ಬಗೆ!

ಇಂಗ್ಲಿಷಿನಲ್ಲಿ ‘ಗಿವ್’ ಎಂದರೆ ಕೊಡು. ‘ಅಪ್’ ಎಂದರೆ ಮೇಲೆ. ಇಷ್ಟು ಶಾಲೆಗೆ ಹೋಗುವ ಮಗುವಿಗೂ ಗೊತ್ತು. ಆದರೆ ಇವೆರಡೂ ಜೊತೆಗೂಡಿ ‘ಗಿವ್ ಅಪ್’ ಎಂದಾಯಿತೆನ್ನಿ. ಕೊಡುವುದು ಹಿಂದೆ ಸರಿಯುತ್ತದೆ, ಮೇಲೆಂಬುದು ಮಾಯವಾಗುತ್ತದೆ, ‘ಬಿಡು’ ಎಂಬ ಮೂರನೆಯ ಅರ್ಥ ಬಂದು ಕೂರುತ್ತದೆ. ಹೀಗೆ ಕ್ರಿಯಾಪದದ ಬೆನ್ನಿಗೆ ಅಪ್, ಡೌನ್, ಇನ್, ಔಟ್ ಮೊದಲಾದ ಒಂದು ಪುಟ್ಟ ಮಾತು ಅಂಟಿಕೊಂಡು ಹೊಸ ಅರ್ಥ ಹುಟ್ಟಿಸುವುದಕ್ಕೆ ಆ ಭಾಷೆಯ ವ್ಯಾಕರಣಕಾರರು ‘ಫ್ರೇಸಲ್ ವರ್ಬ್’ ಎಂದು ಹೆಸರಿಟ್ಟಿದ್ದಾರೆ. ಇಂಗ್ಲಿಷ್ ಕಲಿಯುವ ನಮ್ಮ ಹುಡುಗರಿಗೆ ಇವು ದೊಡ್ಡ ಕಾಟ. ನಿಘಂಟಿನಲ್ಲಿ ಎರಡು ಶಬ್ದಗಳನ್ನೂ ಬೇರೆ ಬೇರೆಯಾಗಿ ಹುಡುಕಿ ತೆಗೆದರೂ ಅರ್ಥ ಕೈಗೆ ಸಿಕ್ಕುವುದಿಲ್ಲ.

ಇದು ಇಂಗ್ಲಿಷಿನ ವಕ್ರತನವೆಂದು ನಾವು ಬೈಯಬೇಕಾಗಿಲ್ಲ. ನಮ್ಮ ಮನೆಯಲ್ಲೇ ಇಂಥ ಜಾಣತನ ಬೇಕಾದಷ್ಟಿದೆ. ‘ಕೈ’ಯನ್ನೂ ‘ಕೊಡು’ವನ್ನೂ ಕಲಿತುಕೊಂಡು ಬಂದ ಪರದೇಶಿಯೊಬ್ಬನಿಗೆ “ಇವತ್ತು ಬಸ್ಸು ಕೈಕೊಟ್ಟಿತು” ಎಂದು ಹೇಳಿ ನೋಡಿ. ಬಸ್ಸಿಗೆ ಕೈ ಎಲ್ಲಿಂದ ಬಂತೆಂದು ಅವನು ಕಣ್ಣರಳಿಸದೆ ಇರುವನೆ? ಕೈಬಿಡು, ಕೈಹಿಡಿ, ಕೈಚೆಲ್ಲು, ಬಿಟ್ಟುಕೊಡು, ಬಿಟ್ಟುಹಾಕು, ಇವೆಲ್ಲ ಅದೇ ಜಾತಿಯವು. ಇಂಗ್ಲಿಷಿನ ‘ಅಪ್’ ಅನೇಕ ಕಡೆ ‘ಪೂರ್ತಿಯಾಗಿ’ ಎಂಬ ಭಾವವನ್ನು ಕೊಡುತ್ತದೆ. ‘ಈಟ್ ಅಪ್’ ಎಂದರೆ ತಿಂದುಬಿಡು, ‘ಡ್ರಿಂಕ್ ಅಪ್’ ಎಂದರೆ ಕುಡಿದುಬಿಡು. ನಮ್ಮ ‘ಬಿಡು’ ಮಾಡುವ ಕೆಲಸವನ್ನು ಅಲ್ಲಿ ‘ಅಪ್’ ಮಾಡುತ್ತಿದೆ. ಆದ್ದರಿಂದ ‘ಗಿವ್ ಅಪ್’ ಎಂಬುದನ್ನು ‘ಬಿಟ್ಟುಬಿಡು’ ಎಂದು ತಿಳಿದುಕೊಂಡರೆ ಅರ್ಧ ದಾರಿ ಸಾಗಿದಂತೆಯೇ.

ಉಳಿದ ಅರ್ಧ ದಾರಿಯೇ ಸ್ವಾರಸ್ಯದ್ದು. ‘ಗಿವ್ ಅಪ್’ ಎಂಬುದು ಅಡುಗೆಮನೆಯ ಸಾರಿನ ಸೌಟಿನಂಥ ಮಾತು. ಯಾವ ಪಾತ್ರೆಗಾದರೂ ಇಳಿಯುತ್ತದೆ. ಸಿಗರೇಟು ಬಿಟ್ಟರೂ ಗಿವ್ ಅಪ್, ಸಿಂಹಾಸನ ಬಿಟ್ಟರೂ ಗಿವ್ ಅಪ್, ಬಸ್ಸಿನಲ್ಲಿ ಮುದುಕಿಗೆ ಜಾಗ ಬಿಟ್ಟುಕೊಟ್ಟರೂ ಗಿವ್ ಅಪ್. ಹಿಡಿದಿದ್ದ ಕೈ ಸಡಿಲವಾಯಿತು ಎಂಬುದಷ್ಟನ್ನೇ ಅದು ತಿಳಿಸುತ್ತದೆ. ಬಿಟ್ಟದ್ದು ಏನು, ಬಿಟ್ಟದ್ದು ಯಾರ ಪಾಲಾಯಿತು, ಬಿಟ್ಟವರು ಮನಸಾರೆ ಬಿಟ್ಟರೋ ಬಲವಂತಕ್ಕೆ ಬಿಟ್ಟರೋ, ಈ ಮೂರು ಪ್ರಶ್ನೆಗಳಿಗೆ ಅದು ಉತ್ತರ ಹೇಳುವುದಿಲ್ಲ. ಉತ್ತರ ಹೇಳುವುದಕ್ಕೆಂದೇ ಇಂಗ್ಲಿಷು ಒಂದು ಹತ್ತು ಹನ್ನೆರಡು ಪರ್ಯಾಯ ಪದಗಳನ್ನು ಇಟ್ಟುಕೊಂಡಿದೆ. ಅವುಗಳಲ್ಲಿ ಕೆಲವನ್ನು ಒಂದೊಂದು ನಡೆದ ಸಂಗತಿಯ ಜೊತೆಗಿಟ್ಟು ನೋಡೋಣ.

ಮೊದಲು ‘ಸರೆಂಡರ್’. ಎದುರಿಗೆ ನಮಗಿಂತ ಬಲಿಷ್ಠನೊಬ್ಬನಿದ್ದಾನೆ, ಕೊಡದೆ ಗತಿಯಿಲ್ಲ, ಕೊಟ್ಟೆವು ಎಂದಾಗ ಬರುವ ಮಾತಿದು. 1971ರ ಡಿಸೆಂಬರ್ 16ರಂದು ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಪಾಕಿಸ್ತಾನದ ಸೇನಾಪತಿ ನಿಯಾಜಿಯವರು ನಮ್ಮ ಲೆಫ್ಟಿನೆಂಟ್ ಜನರಲ್ ಅರೋರಾ ಅವರ ಎದುರಿನಲ್ಲಿ ರುಜು ಮಾಡಿದ ಪತ್ರಕ್ಕೆ ‘ಇನ್‌ಸ್ಟ್ರುಮೆಂಟ್ ಆಫ್ ಸರೆಂಡರ್’ ಎಂದೇ ಹೆಸರು. ನಾವು ಅದನ್ನು ‘ಶರಣಾಗತಿ’ ಎಂದೆವು. ಆದರೆ ಶಬ್ದಗಳೂ ರಣರಂಗದಿಂದ ಕಚೇರಿಗೆ ಬಂದು ಮೆತ್ತಗಾಗುವುದುಂಟು. ಜೀವವಿಮೆಯ ಪಾಲಿಸಿಯನ್ನು ಅವಧಿಗೆ ಮುಂಚೆ ಹಿಂತಿರುಗಿಸಿದರೆ ಸಿಕ್ಕುವ ಹಣಕ್ಕೆ ‘ಸರೆಂಡರ್ ವ್ಯಾಲ್ಯೂ’ ಎನ್ನುತ್ತಾರಲ್ಲ, ಅಲ್ಲಿ ಯಾರೂ ಯಾರಿಗೂ ಸೋತಿಲ್ಲ. ಆದರೂ ಬಿಟ್ಟದ್ದನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಎಂಬ ಮೂಲಭಾವ ಮಾತ್ರ ಅಲ್ಲಿಯೂ ಉಳಿದುಕೊಂಡಿದೆ.

ಶರಣಾಗುವುದು ಸೈನ್ಯವಾಯಿತು. ಸೋತ ಅರಸನು ನೆಲವನ್ನು ಬಿಟ್ಟುಕೊಟ್ಟರೆ? ಆಗಿನ ಮಾತು ‘ಸೀಡ್’. ಒಪ್ಪಂದದ ಕಾಗದದ ಮೇಲೆ ಒಂದು ರಾಜ್ಯ ಇನ್ನೊಂದಕ್ಕೆ ಸೀಮೆಯನ್ನು ಬರೆದುಕೊಡುವುದಕ್ಕೆ ಮೀಸಲಾದ ಪದ ಇದು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ತನ್ನ ರಾಜ್ಯದ ಅರ್ಧದಷ್ಟನ್ನು ಬಿಟ್ಟುಕೊಡಬೇಕಾಯಿತು. ಅದಲ್ಲದೆ 3 ಕೋಟಿ 30 ಲಕ್ಷ ರೂಪಾಯಿಗಳನ್ನು ಕೊಡಲು ಒಪ್ಪಿ, ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಿಟ್ಟನು. ಕೆಲವು ವರ್ಷ ಕಳೆದು, 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಸೀಮೆಗಳನ್ನು ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ ಆ ನಾಡಿಗೆ ‘ಸೀಡೆಡ್ ಡಿಸ್ಟ್ರಿಕ್ಟ್ಸ್’ ಎಂದೇ ಹೆಸರಾಯಿತು. ತೆಲುಗಿನಲ್ಲಿ ‘ದತ್ತ ಮಂಡಲ’ಗಳು ಎಂದರು. ನಮ್ಮ ಬಳ್ಳಾರಿಯೂ ಈ ಹೆಸರಿನ ಕೆಳಗೆ ಬಹುಕಾಲ ಬಾಳಿತು. ನೋಡಿ, ಒಂದು ನಾಡಿನ ಜನರನ್ನು ನೂರು ವರ್ಷಕ್ಕೂ ಮೇಲ್ಪಟ್ಟು ‘ಕೊಟ್ಟುಬಿಟ್ಟ ಸೀಮೆಯವರು’ ಎಂದು ಕರೆದರೆ ಅವರಿಗೆ ಹೇಗೆನಿಸಬೇಕು? ಆ ಕಡೆಯ ತೆಲುಗರು 1928ರಲ್ಲಿ ನಂದ್ಯಾಲದ ಸಭೆಯಲ್ಲಿ ಈ ಹೆಸರನ್ನೇ ಕಿತ್ತೊಗೆದು ‘ರಾಯಲಸೀಮೆ’ ಎಂಬ ಅಭಿಮಾನದ ಹೆಸರನ್ನು ತಂದುಕೊಂಡರು. ಕೊಟ್ಟವನು ನಿಜಾಮ, ತೆಗೆದುಕೊಂಡದ್ದು ಕಂಪನಿ. ನೆಲದ ಮೇಲಿದ್ದವರನ್ನು ಯಾರೂ ಕೇಳಿರಲಿಲ್ಲ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅರಸನು ನೆಲವನ್ನಲ್ಲ, ಅರಸುತನವನ್ನೇ ಬಿಟ್ಟರೆ ‘ಆಬ್ಡಿಕೇಟ್’. ಇಂಗ್ಲೆಂಡಿನ ಎಂಟನೆಯ ಎಡ್ವರ್ಡ್ ದೊರೆಯು 1936ರ ಡಿಸೆಂಬರ್ 10ರಂದು ಪಟ್ಟವನ್ನು ತೊರೆಯುವ ಪತ್ರಕ್ಕೆ ರುಜು ಮಾಡಿದನು. ತಾನು ಮೆಚ್ಚಿದ ಶ್ರೀಮತಿ ಸಿಂಪ್ಸನ್ ಎಂಬಾಕೆಯನ್ನು ಮದುವೆಯಾಗಿ ಸಿಂಹಾಸನದಲ್ಲಿಯೂ ಇರುವುದು ಅಸಾಧ್ಯವಾಗಿತ್ತು. ಮಾರನೆಯ ದಿನ ಅದು ಜಾರಿಗೆ ಬಂತು. ಆ ರಾತ್ರಿ ವಿಂಡ್ಸರ್ ಅರಮನೆಯಿಂದ ಅವನು ರೇಡಿಯೋದಲ್ಲಿ ಮಾತನಾಡಿದಾಗ ಬಿ.ಬಿ.ಸಿ.ಯ ಮುಖ್ಯಸ್ಥ ರೀತ್ ಅವರು ಪರಿಚಯಿಸಿದ್ದು ದೊರೆಯೆಂದಲ್ಲ, ಪ್ರಿನ್ಸ್ ಎಡ್ವರ್ಡ್ ಎಂದು. ‘ಆಬ್ಡಿಕೇಟ್’ ಎಂಬ ಪದದಲ್ಲಿ ಒಂದು ಕಹಿಯ ಒಗರೂ ಇದೆ. ಪಟ್ಟವೆಂದರೆ ಭೋಗ ಮಾತ್ರವಲ್ಲ, ಹೊಣೆಯೂ ಹೌದಷ್ಟೆ? ಆದ್ದರಿಂದ ತಂದೆಯೊಬ್ಬ ಮಕ್ಕಳ ಕಡೆಗೆ ತಿರುಗಿಯೂ ನೋಡದಿದ್ದರೆ ಅವನು ತನ್ನ ಹೊಣೆಯನ್ನು ‘ಆಬ್ಡಿಕೇಟ್’ ಮಾಡಿದನೆಂದು ಇಂಗ್ಲಿಷಿನವರು ಹೇಳುತ್ತಾರೆ. ಕಿರೀಟವಿಲ್ಲದವನಿಗೂ ಆ ಪದ ಹೊಂದುವುದು ಹೀಗೆ.

ಅಧಿಕಾರವನ್ನು ಬಿಡುವ ಇನ್ನೊಂದು ಮಾತು ‘ರಿಸೈನ್’. ಇದು ನಮಗೆಲ್ಲ ಬಳಕೆಯದು, ರಾಜೀನಾಮೆ ಕೊಡುವುದು. 1956ರ ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ರೈಲು ದುರಂತವಾಗಿ ನೂರಾರು ಜನ ಸಾವು ನೋವಿಗೀಡಾದಾಗ ರೈಲ್ವೆ ಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟರು. ಹಳಿಯನ್ನು ಕಿತ್ತವರು ಅವರಲ್ಲ, ಬಂಡಿ ನಡೆಸಿದವರೂ ಅವರಲ್ಲ. ಎಡ್ವರ್ಡ್ ದೊರೆ ಪದವಿಯ ಜೊತೆಗೆ ಹೊಣೆಯನ್ನೂ ಇಳಿಸಿಟ್ಟನು. ಶಾಸ್ತ್ರಿಯವರು ಹೊಣೆಯನ್ನು ಹೊರುವುದಕ್ಕಾಗಿಯೇ ಪದವಿಯನ್ನು ಇಳಿಸಿಟ್ಟರು. ಎರಡನ್ನೂ ‘ಗೇವ್ ಅಪ್’ ಎಂಬ ಒಂದೇ ತಕ್ಕಡಿಗೆ ಹಾಕಿದರೆ ಈ ಅಂತರ ಕಾಣದೆ ಹೋಗುತ್ತದೆ. ಅಂದಹಾಗೆ ನಮ್ಮ ‘ರಾಜೀನಾಮೆ’ಯೂ ಹುಟ್ಟಿದ್ದು ಬೇರೆಡೆಯೇ. ‘ರಾಜಿ’ ಎಂದರೆ ಒಪ್ಪಿಗೆ, ‘ನಾಮೆ’ ಎಂದರೆ ಪತ್ರ. ಮುಂಬಯಿ ಪ್ರಾಂತ್ಯದ ಕಂದಾಯದ ಕಾಗದಗಳಲ್ಲಿ ರೈತನು ಸಾಗುವಳಿಯ ಭೂಮಿಯನ್ನು ಬಿಟ್ಟುಕೊಡುವ ಪತ್ರಕ್ಕೂ ರಾಜೀನಾಮೆ ಎಂಬ ಹೆಸರೇ ಇತ್ತು.

ಇನ್ನು ‘ರಿನೌನ್ಸ್’. ಇದರ ಗತ್ತೇ ಬೇರೆ. ಯಾರೂ ಕಸಿದುಕೊಳ್ಳುತ್ತಿಲ್ಲ, ತನ್ನ ಬಳಿ ಇರುವುದು ನ್ಯಾಯವಾಗಿ ತನ್ನದೇ. ಆದರೂ ಇದು ನನಗೆ ಬೇಡವೆಂದು ಎಲ್ಲರಿಗೂ ಕೇಳುವಂತೆ ಸಾರಿ ಬಿಡುವುದು. ಈ ‘ಸಾರು’ವ ಭಾವ ಆ ಪದದ ಲ್ಯಾಟಿನ್ ಬೇರಿನಲ್ಲಿಯೇ ಅಡಗಿದೆ. ರವೀಂದ್ರನಾಥ ಠಾಕೂರರಿಗೆ ಬ್ರಿಟಿಷ್ ಸರ್ಕಾರ 1915ರಲ್ಲಿ ‘ಸರ್’ ಪದವಿ ಕೊಟ್ಟಿತ್ತು. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿತು. ಮೇ ತಿಂಗಳ ಕೊನೆಗೆ ಠಾಕೂರರು ವೈಸ್‌ರಾಯ್ ಚೆಲ್ಮ್ಸ್‌ಫರ್ಡರಿಗೆ ಕಾಗದ ಬರೆದು ಆ ಪದವಿಯ ಭಾರದಿಂದ ತಮ್ಮನ್ನು ಬಿಡಿಸಬೇಕೆಂದರು. ಶರಣಾಗುವವನು ಸೋತು ಬಿಡುತ್ತಾನೆ. ‘ರಿನೌನ್ಸ್’ ಮಾಡುವವನು ಗೆದ್ದೂ ಬಿಡಬಲ್ಲ. ನಮ್ಮ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಮೂರ್ತಿ ಇದಕ್ಕೆ ದೊಡ್ಡ ಭಾಷ್ಯವಲ್ಲವೆ? ಅಣ್ಣನನ್ನು ಗೆದ್ದ ಗಳಿಗೆಯಲ್ಲಿಯೇ ಬಾಹುಬಲಿ ರಾಜ್ಯವನ್ನು ತೊರೆದನು. ‘ತೊರೆ’, ‘ತ್ಯಜಿಸು’ ಎಂಬ ನಮ್ಮ ಮಾತುಗಳು ಇಲ್ಲಿಗೆ ಸರಿಯಾಗಿ ಹೊಂದುತ್ತವೆ.

ಇಷ್ಟು ಎತ್ತರದ ತ್ಯಾಗವನ್ನು ಎಲ್ಲರಿಂದಲೂ ನಿರೀಕ್ಷಿಸುವಂತಿಲ್ಲ. ಸಂಸಾರಿಗಳ ಮಟ್ಟಕ್ಕೆ ಇಳಿದು ಬರುವ ಎರಡು ಮಾತುಗಳೆಂದರೆ ‘ವೇವ್’ ಮತ್ತು ‘ಫರ್ಗೋ’. ಬರಬೇಕಾದ್ದನ್ನು ಕೇಳುವ ಹಕ್ಕು ನನಗಿದೆ, ಆದರೆ ಕೇಳುವುದಿಲ್ಲ ಎಂದರೆ ‘ವೇವ್’. 2008ರಲ್ಲಿ ಕೇಂದ್ರ ಸರ್ಕಾರ ರೈತರ ಸಾಲ ಮನ್ನಾ ಮಾಡಿದಾಗ ಪತ್ರಿಕೆಗಳು ಬರೆದ ‘ಲೋನ್ ವೇವರ್’ ಇದೇ ಪದದ್ದು. ಸಾಲ ಕೊಟ್ಟವನು ಮಾತ್ರ ‘ವೇವ್’ ಮಾಡಬಲ್ಲ. ಸಾಲಗಾರನು ಎಷ್ಟೇ ಉದಾರಿಯಾದರೂ ಅದು ಅವನಿಂದ ಆಗದು! ‘ಫರ್ಗೋ’ ಎಂದರೆ ಸಿಕ್ಕಬಹುದಾದ ಸುಖವನ್ನೋ ಅನುಕೂಲವನ್ನೋ ಬೇಡವೆಂದು ಅದಿಲ್ಲದೆ ಇರುವುದು. ದೀಪಾವಳಿಗೆ ಸೀರೆ ಬೇಡ, ಆ ಹಣ ಮಗನ ಫೀಜಿಗೆ ಆಗಲಿ ಎನ್ನುವ ತಾಯಿ ಮಾಡುವುದು ಇದನ್ನೇ. 2015ರಲ್ಲಿ ಕೇಂದ್ರ ಸರ್ಕಾರ ಅನುಕೂಲಸ್ಥರನ್ನು ಅಡುಗೆ ಅನಿಲದ ಸಬ್ಸಿಡಿ ಬಿಟ್ಟುಕೊಡಿರೆಂದು ಕೇಳಿಕೊಂಡ ಅಭಿಯಾನಕ್ಕೆ ‘ಗಿವ್ ಇಟ್ ಅಪ್’ ಎಂದೇ ಹೆಸರಿಟ್ಟಿತು; ಒಂದು ಕೋಟಿಗೂ ಮೇಲ್ಪಟ್ಟು ಮನೆಗಳವರು ಬಿಟ್ಟುಕೊಟ್ಟರು. ಅಲ್ಲಿ ‘ಸರೆಂಡರ್’ ಎಂದಿದ್ದರೆ ಜನ ಸಿಟ್ಟಾಗುತ್ತಿದ್ದರು. ‘ಸ್ಯಾಕ್ರಿಫೈಸ್’ ಎಂದಿದ್ದರೆ ಒಂದು ಸಿಲಿಂಡರಿಗೆ ಇಷ್ಟು ದೊಡ್ಡ ಮಾತೇ ಎಂದು ನಗುತ್ತಿದ್ದರು. ಸದರದ ‘ಗಿವ್ ಅಪ್’ ಅಲ್ಲಿ ಹದವಾಗಿ ಕೂತಿತು.

ಇಲ್ಲಿಯೇ ಮಕ್ಕಳು ಗಮನಿಸಬೇಕಾದ ವ್ಯಾಕರಣವೂ ಇದೆ. ‘ಇಟ್’ ಎಂಬ ಸರ್ವನಾಮ ‘ಗಿವ್’ ಮತ್ತು ‘ಅಪ್’ಗಳ ನಡುವೆಯೇ ಕೂರಬೇಕು, ‘ಗಿವ್ ಅಪ್ ಇಟ್’ ಎಂದರೆ ತಪ್ಪು. ಹಾಗೆಯೇ ಸಿಗರೇಟು ಬಿಟ್ಟನೆಂದು ಹೇಳುವಾಗ ‘ಗೇವ್ ಅಪ್ ಸ್ಮೋಕಿಂಗ್’ ಎಂದೇ ಆಗಬೇಕು. ‘ಗೇವ್ ಅಪ್ ಟು ಸ್ಮೋಕ್’ ಎಂದರೆ ಕೇಳಿದವರಿಗೆ ತಬ್ಬಿಬ್ಬು.

ಬಿಟ್ಟದ್ದು ಯಾರ ಕೈಗೂ ಸೇರದೆ ನಡುದಾರಿಯಲ್ಲಿ ಉಳಿದರೆ ‘ಅಬ್ಯಾಂಡನ್’. ನಮ್ಮ ಕಾಪಿನಲ್ಲಿದ್ದುದನ್ನು ಅದರ ಪಾಡಿಗೆ ಬಿಟ್ಟು ಹೊರಡುವುದು; ನಮ್ಮ ‘ಕೈಬಿಡು’ ಇದಕ್ಕೆ ತೀರ ಹತ್ತಿರ. ದಕ್ಷಿಣ ಧ್ರುವದ ಕಡೆಗೆ ಹೊರಟ ಶ್ಯಾಕಲ್ಟನ್ ಎಂಬ ಸಾಹಸಿಯ ಕಥೆ ಇದಕ್ಕೊಂದು ಒರೆಗಲ್ಲು. ಅವರ ‘ಎಂಡ್ಯೂರೆನ್ಸ್’ ಹಡಗು ಹಿಮಗಡ್ಡೆಗಳ ನಡುವೆ ಸಿಕ್ಕಿ ನಜ್ಜುಗುಜ್ಜಾಗತೊಡಗಿತು. 1915ರ ಅಕ್ಟೋಬರಿನಲ್ಲಿ ಹಡಗನ್ನು ಬಿಡಿರೆಂದು ಅವರು ಆಜ್ಞೆ ಮಾಡಿದರು. ನವೆಂಬರಿನಲ್ಲಿ ಅದು ಮುಳುಗಿತು. (2022ರ ಮಾರ್ಚಿನಲ್ಲಿ ಸುಮಾರು 3,000 ಮೀಟರು ಆಳದಲ್ಲಿ ಅದರ ಅವಶೇಷ ಪತ್ತೆಯಾಯಿತು.) ಹಡಗನ್ನು ಬಿಟ್ಟ ಮೇಲೆ ಸಣ್ಣ ದೋಣಿಗಳಲ್ಲಿ ಸಮುದ್ರ ದಾಟಿ, ಎಲಿಫೆಂಟ್ ದ್ವೀಪದಲ್ಲಿ ಉಳಿಸಿಬಂದಿದ್ದ ಸಂಗಡಿಗರಿಗಾಗಿ ಮತ್ತೆ ಮತ್ತೆ ಪ್ರಯತ್ನಿಸಿ, ಆ ಹಡಗಿನಲ್ಲಿದ್ದ 28 ಮಂದಿಯನ್ನೂ ಜೀವಸಹಿತ ಪಾರುಮಾಡಿದರು. ಹಡಗನ್ನು ‘ಅಬ್ಯಾಂಡನ್’ ಮಾಡಿದವರು ಜನರನ್ನು ‘ಅಬ್ಯಾಂಡನ್’ ಮಾಡಲಿಲ್ಲ. ಅದೇ ಪದ ಹಡಗಿನ ಜೊತೆ ಬಂದರೆ ವಿವೇಕ, ಜೊತೆಗಾರರ ಸಂಗಡ ಬಂದರೆ ದ್ರೋಹ.

ಹೀಗೆ ಒಂದು ಸಣ್ಣ ವ್ಯತ್ಯಾಸ ಅರ್ಥವನ್ನೆಲ್ಲ ತಿರುಗಿಸಿಬಿಡುವ ಇನ್ನೊಂದು ಜಾಗ ನಮ್ಮ ‘ಗಿವ್ ಅಪ್’ನಲ್ಲಿಯೇ ಇದೆ. ಅದರ ಮುಂದೆ ‘ಆನ್’ ಎಂಬ ಎರಡಕ್ಷರ ಸೇರಿಸಿ ನೋಡಿ. ತಾಯಿಯೊಬ್ಬಳು ಮಗುವನ್ನು ‘ಗೇವ್ ಅಪ್’ ಎಂದರೆ ಸಾಕಲಾರದೆ ದತ್ತು ಕೊಟ್ಟಳೆಂದಾಗಬಹುದು. ಆಕೆಯ ಕರುಳು ಇನ್ನೂ ಆ ಮಗುವಿನ ಬಳಿಯೇ ಇದ್ದೀತು. ‘ಗೇವ್ ಅಪ್ ಆನ್’ ಎಂದರೆ ಮಗು ಮನೆಯಲ್ಲಿಯೇ ಇದೆ, ಆದರೆ ಇದು ಉದ್ಧಾರವಾಗುವ ಪ್ರಾಣಿಯಲ್ಲವೆಂದು ಆಕೆ ಆಸೆ ಬಿಟ್ಟಿದ್ದಾಳೆ. ಮೊದಲನೆಯದು ಬಿಟ್ಟುಕೊಟ್ಟದ್ದು, ಎರಡನೆಯದು ಕೈಚೆಲ್ಲಿದ್ದು. ಲೆಕ್ಕದಲ್ಲಿ ಸೊನ್ನೆ ತಂದ ಹುಡುಗನನ್ನು ಮೇಷ್ಟರು ಹಿಂದಿನ ಬೆಂಚಿಗೆ ಕಳಿಸಿ ಅವನ ಸ್ಲೇಟಿನ ಕಡೆಗೆ ಮತ್ತೆ ನೋಡದೆ ಇದ್ದರೆ ಅದೂ ‘ಗಿವ್ ಅಪ್ ಆನ್’. ಹುಡುಗ ಶಾಲೆ ಬಿಟ್ಟನೆಂದು ಹಾಜರಿ ಪುಸ್ತಕದಲ್ಲಿ ಬರೆಯುತ್ತೇವೆ. ಅವನಿಗಿಂತ ಮುಂಚೆಯೇ ಶಾಲೆ ಅವನನ್ನು ಬಿಟ್ಟಿತ್ತೋ ಎಂಬುದನ್ನು ಬರೆಯುವುದಕ್ಕೆ ಅಲ್ಲಿ ಅಂಕಣವಿಲ್ಲ.

ಕೊನೆಯದಾಗಿ ‘ರಿಲಿಂಕ್ವಿಷ್’. ಹಿಡಿದಿದ್ದ ಹಕ್ಕನ್ನು ತಿಳಿದೂ ತಿಳಿದೂ ಬಿಟ್ಟುಕೊಡುವುದಕ್ಕೆ ಕಾನೂನಿನವರು ಬಳಸುವ ಮಾತು ಇದು. ರಿಜಿಸ್ಟ್ರಾರ್ ಕಚೇರಿಯಲ್ಲಿ ಇದರ ಕನ್ನಡ ರೂಪ ‘ಹಕ್ಕು ಬಿಡುಗಡೆ ಪತ್ರ’. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ಕೆಲವು ಮಿತಿಗಳೊಡನೆ ತಂದಿತು. 2005ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂತೆ ಕೇಂದ್ರದ ಕಾನೂನೂ ತಿದ್ದುಪಡಿಯಾಯಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕಾನೂನು ಹೀಗಿದೆ. ಮನೆಗಳಲ್ಲಿ ನಡೆಯುವುದು ಹೇಗೆ? ಹಬ್ಬಕ್ಕೆಂದು ತವರಿಗೆ ಬಂದ ತಂಗಿಗೆ ಹೋಳಿಗೆ ಬಡಿಸಿ, ಊಟವಾದ ಮೇಲೆ ಅಣ್ಣ ಕಾಗದ ತಂದು, “ಇಲ್ಲೊಂದು ರುಜು ಹಾಕಮ್ಮ, ಸುಮ್ಮನೆ ಫಾರ್ಮಾಲಿಟಿ” ಎನ್ನುತ್ತಾನೆ. ಆಕೆ ರುಜು ಹಾಕುತ್ತಾಳೆ. ಊರೆಲ್ಲ, “ದೊಡ್ಡ ಮನಸ್ಸು, ತನ್ನ ಪಾಲು ಬಿಟ್ಟುಕೊಟ್ಟಳು” ಎನ್ನುತ್ತದೆ.

ಈಗ ನಮ್ಮ ಮೂರು ಪ್ರಶ್ನೆಗಳನ್ನು ಕೇಳೋಣ. ಅಣ್ಣನಿಗೆ ಕಷ್ಟವಿದೆ, ನನಗೆ ದೇವರು ಕೊಟ್ಟದ್ದು ಸಾಕು ಎಂದು ಪಾಲಿನ ಬೆಲೆ ತಿಳಿದು ಬಿಟ್ಟಿದ್ದರೆ ಅದು ‘ರಿಲಿಂಕ್ವಿಷ್’; ಅದಕ್ಕೆ ನಮಸ್ಕಾರ. ಸಹಿ ಮಾಡದಿದ್ದರೆ ನಾಳೆ ತವರಿನ ಬಾಗಿಲು ಮುಚ್ಚೀತೆಂದು ಹೆದರಿ ಮಾಡಿದ್ದರೆ ಅದು ‘ಸರೆಂಡರ್’. ಅಲ್ಲಿ ದೊಡ್ಡ ಮನಸ್ಸನ್ನು ಹೊಗಳುವುದು ಸಲ್ಲದು. ತನಗೆ ಒಂದು ಪಾಲು ಇದೆಯೆಂಬುದೇ ಆಕೆಗೆ ಗೊತ್ತಿಲ್ಲದಿದ್ದರೆ? ಆಗ ನಾನು ಈವರೆಗೆ ಹೇಳಿದ ಯಾವ ಪದವೂ ಹೊಂದುವುದಿಲ್ಲ. ಇದೆಯೆಂದೇ ತಿಳಿಯದ್ದನ್ನು ಬಿಡುವುದು ಹೇಗೆ? ಬಳ್ಳಾರಿ ಸೀಮೆಯ ಜನರನ್ನು ಕೇಳದೆಯೇ ಅವರ ನಾಡಿಗೆ ‘ಕೊಟ್ಟದ್ದು’ ಎಂಬ ಹೆಸರು ಬಿದ್ದಂತೆ, ಇಲ್ಲಿ ಆಕೆಯನ್ನು ಕೇಳದೆಯೇ ‘ಬಿಟ್ಟಳು’ ಎಂಬ ಕ್ರಿಯಾಪದ ಆಕೆಯ ಮೇಲೆ ಬಿದ್ದಿದೆ. ಆ ವಾಕ್ಯದ ಕರ್ತೃವನ್ನೇ ಬದಲಾಯಿಸಬೇಕು. “ತಂಗಿ ಬಿಟ್ಟಳು” ಎಂಬಲ್ಲಿ “ಅಣ್ಣ ತೆಗೆದುಕೊಂಡ” ಎಂದು ಬರೆದರೆ ವ್ಯಾಕರಣವೂ ಸರಿ, ನ್ಯಾಯವೂ ಸರಿ.

ಪರ್ಯಾಯ ಪದಗಳೆಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಪಟ್ಟಿ ಎಂದು ಮಕ್ಕಳು ತಿಳಿದಿರುತ್ತಾರೆ. ಗಿವ್ ಅಪ್ ಎಂದರೆ ಸರೆಂಡರ್, ಅಬ್ಯಾಂಡನ್, ರಿನೌನ್ಸ್ ಎಂದು ಒಂದೇ ಉಸಿರಿಗೆ ಹೇಳಿದರೆ ಅಂಕ ಸಿಕ್ಕೀತು. ಆದರೆ ನಿಯಾಜಿ, ಶ್ಯಾಕಲ್ಟನ್, ಠಾಕೂರ್ ಮೂವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದಂತಾಗುತ್ತದೆ. ನಾಳೆ ಪತ್ರಿಕೆಯಲ್ಲಿ ಯಾರೋ ಏನನ್ನೋ ಬಿಟ್ಟರೆಂಬ ಸುದ್ದಿ ಓದಿದಾಗ, ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೇಳಿ: ಬಿಟ್ಟದ್ದು ಏನು? ಅದು ಯಾರಿಗೆ ಸೇರಿತು? ಬಿಟ್ಟವರ ಮನಸ್ಸು ಅದರಲ್ಲಿತ್ತೆ? ಮೂರಕ್ಕೂ ಉತ್ತರ ಸಿಕ್ಕಿದರೆ ಸರಿಯಾದ ಪದ ತಾನಾಗಿ ಸಿಕ್ಕುತ್ತದೆ. ಹಾಗೆಯೇ ಯಾರಾದರೂ ನಿಮ್ಮ ಮುಂದೆಯೇ ಒಂದು ಕಾಗದವನ್ನು ಹಿಡಿದರೆ, ರುಜು ಹಾಕುವ ಮೊದಲು ಆ ಮೂರನ್ನೂ ನೀವೇ ಕೇಳಿಕೊಳ್ಳಿ.